ಗೆದ್ದವನ ಊರಿನಲ್ಲಿ ಒಂದು ದಿನ



ಕಾಲೇಜಿನ ಸೂಚನಾ ಫಲಕದಲ್ಲಿ ಪ್ರವಾಸದ ಚೀಟಿ ಅಂಟಿಸಿದ ಕೂಡಲೇ ನಿಮ್ಮಲ್ಲಿ ಎಂಥ ಸಂಭ್ರಮ ಏಳುತ್ತದೆ ಎಂಬುದು ನನಗೆ ಗೊತ್ತು. ಕಿಟಕಿ ಪಕ್ಕದ ಸೀಟು ಯಾರಿಗೆ, ಬುತ್ತಿಗೆ ಏನು, ಹಾಡು ಹೇಳುವವರು ಯಾರು, ಇದೇ ದೊಡ್ಡ ಚರ್ಚೆ. ಅದು ತಪ್ಪಲ್ಲ. ಆದರೆ ಹೋಗಿ ಬಂದ ಮೇಲೆ ಮನೆಯಲ್ಲಿ "ಏನು ನೋಡಿದೆ?" ಎಂದು ಕೇಳಿದರೆ, "ಸಮುದ್ರ ನೋಡಿದೆ, ದೇವಸ್ಥಾನ ನೋಡಿದೆ, ಫೋಟೋ ತೆಗೆಸಿಕೊಂಡೆ" ಎಂಬ ಮೂರು ಮಾತಿನಲ್ಲಿ ಪ್ರವಾಸ ಮುಗಿದುಹೋಗುತ್ತದೆ. ಒಂದು ಹಳೆಯ ಊರನ್ನು ಒಂದು ದಿನದಲ್ಲಿ ಹೇಗೆ ನೋಡಬಹುದು, ಅಲ್ಲಿ ನಾವು ಎಂಥ ತಪ್ಪು ಮಾಡಬಹುದು ಎಂಬುದನ್ನು ನನ್ನದೇ ಅನುಭವದಿಂದ ನಿಮಗೆ ಹೇಳಬೇಕೆಂದಿದ್ದೇನೆ.

ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ನಮ್ಮ ಇತಿಹಾಸದ ಮೇಷ್ಟ್ರು ಸುಮಾರು ಮೂವತ್ತು ಮಂದಿಯನ್ನು ಬೆಂಗಳೂರಿನಿಂದ ರಾತ್ರಿಯ ರೈಲಿನಲ್ಲಿ ಕರೆದುಕೊಂಡು ಹೊರಟರು. ಬೆಳಗಿನ ಜಾವ ಮದರಾಸಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು, ಕರಾವಳಿಯ ಗುಂಟ ದಕ್ಷಿಣಕ್ಕೆ 55–60 ಕಿಲೋಮೀಟರ್ ಹೋದರೆ ಮಾಮಲ್ಲಪುರ. ಮಹಾಬಲಿಪುರ ಎಂಬ ಹೆಸರಿನಿಂದ ನಿಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತವಾದ ಊರು ಅದೇ.

ಬಸ್ಸಿನಲ್ಲೇ ಒಂದು ಜಗಳ ಹುಟ್ಟಿತು. ಊರಿಗೆ ಆ ಹೆಸರು ಏಕೆ ಬಂತು ಎಂದು ಯಾರೋ ಕೇಳಿದರು. ಮೇಷ್ಟ್ರು ವಿವರಿಸಿದರು. 'ಮಾಮಲ್ಲ' ಎಂದರೆ ಮಹಾಮಲ್ಲ, ದೊಡ್ಡ ಜಟ್ಟಿ. ಅದು ಸುಮಾರು 630ರಿಂದ 668ರವರೆಗೆ ಆಳಿದ ಪಲ್ಲವ ದೊರೆ ಒಂದನೆಯ ನರಸಿಂಹವರ್ಮನ ಬಿರುದು. ಅವನು ಕ್ರಿ.ಶ. 642ರಲ್ಲಿ ಚಾಲುಕ್ಯರ ರಾಜಧಾನಿಯಾದ ಬಾದಾಮಿಯನ್ನು ಗೆದ್ದ. ನಮ್ಮ ಇಮ್ಮಡಿ ಪುಲಕೇಶಿ ಆ ಯುದ್ಧದಲ್ಲೇ ಮಡಿದನೆಂದು ಇತಿಹಾಸಕಾರರು ನಂಬುತ್ತಾರೆ. ಗೆದ್ದವನು 'ವಾತಾಪಿಕೊಂಡ' ಎಂದು ಕರೆಸಿಕೊಂಡ. ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೆತ್ತಿಸಿದ.

ಈ ಮಾತು ಕೇಳಿದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ನಾವು ಐದಾರು ಮಂದಿ ಕೆರಳಿದೆವು. ಹರ್ಷವರ್ಧನನನ್ನೇ ತಡೆದ ಪುಲಕೇಶಿಯನ್ನು ಕೊಂದವನ ಊರಿಗೆ ನಾವು ದುಡ್ಡು ಕೊಟ್ಟು ಹೋಗಬೇಕೆ ಎಂದು ನಾನೇ ಕೇಳಿದೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಕಂಚಿಯ ಮೇಲೆ ಮೊದಲು ದಂಡೆತ್ತಿ ಹೋದವರು ಯಾರಯ್ಯ? ಐಹೊಳೆ ಶಾಸನದಲ್ಲಿ ಏನಿದೆ?" ಎಂದು ತಿರುಗಿ ಕೇಳಿದರು. ಪಲ್ಲವ ದೊರೆ ಕಂಚಿಯ ಕೋಟೆಗೋಡೆಯ ಹಿಂದೆ ಅಡಗುವಂತೆ ಮಾಡಿದ್ದು ಪುಲಕೇಶಿಯೇ ಎಂದು ಆ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಪರೀಕ್ಷೆಗಾಗಿ ನಾನು ಅದನ್ನು ಓದಿದ್ದೆ. ಆದರೂ ಉತ್ತರ ಕೊಡಲಿಲ್ಲ. "ಮೊದಲು ಊರು ನೋಡಿ. ಜಗಳ ಸಂಜೆ ಆಡೋಣ" ಎಂದು ಅವರು ಎಲ್ಲರಿಗೂ ಒಂದೊಂದು ನೋಟ್‌ಬುಕ್ ಹಂಚಿದರು. ಯಾವ ಕಲ್ಲಿನ ಮುಂದೆ ನಿಂತರೂ ಎರಡು ಪ್ರಶ್ನೆ ಬರೆದುಕೊಳ್ಳಬೇಕು: ಇದನ್ನು ಹೇಗೆ ಮಾಡಿದರು? ಇಂಥದ್ದನ್ನು ನಾನು ಬೇರೆಲ್ಲಿ ನೋಡಿದ್ದೇನೆ?

ಮೊದಲು ಹೋದದ್ದು ಊರಿನ ದಕ್ಷಿಣಕ್ಕಿರುವ ಪಂಚರಥಗಳಿಗೆ. ಮಿತ್ರರೇ, 'ರಥ' ಎಂಬ ಹೆಸರಿಗೆ ಮೋಸಹೋಗಬೇಡಿ. ಇವಕ್ಕೆ ಗಾಲಿಯಿಲ್ಲ, ಪಾಂಡವರಿಗೂ ಇವಕ್ಕೂ ಸಂಬಂಧವಿಲ್ಲ. ದ್ರೌಪದಿ, ಅರ್ಜುನ, ಭೀಮ, ಧರ್ಮರಾಜ, ನಕುಲ-ಸಹದೇವ ಎಂಬ ಹೆಸರುಗಳೆಲ್ಲ ಜನ ಆಮೇಲೆ ಇಟ್ಟವು. ದ್ರೌಪದಿ ರಥದ ಒಳಗಿರುವುದು ದುರ್ಗೆಯ ವಿಗ್ರಹ. ಇವು ಕಟ್ಟಿದ ಗುಡಿಗಳಲ್ಲ, ಕೆತ್ತಿದ ಗುಡಿಗಳು. ನೆಲದಿಂದ ಎದ್ದು ನಿಂತಿದ್ದ ಬಂಡೆಯನ್ನೇ ಹೊರಗಿನಿಂದ ಕಡೆದು ಗುಡಿ ಮಾಡಿದ್ದಾರೆ.

ಎಲ್ಲಿಂದ ಶುರುಮಾಡಿದರು ಎಂಬುದಕ್ಕೆ ಉತ್ತರ ಕಲ್ಲಿನಲ್ಲೇ ಇದೆ. ಧರ್ಮರಾಜ ರಥದ ಮೇಲಿನ ಅಂತಸ್ತುಗಳು ನಯವಾಗಿ ಮುಗಿದಿವೆ, ಕೆಳಭಾಗ ಒರಟಾಗಿ ಉಳಿದಿದೆ. ಎಂದರೆ ಕೆಲಸ ನಡೆದದ್ದು ಶಿಖರದಿಂದ ಕೆಳಕ್ಕೆ. ಮನೆ ಕಟ್ಟುವವರು ತಳಪಾಯದಿಂದ ಮೇಲಕ್ಕೆ ಹೋಗುತ್ತಾರೆ. ಇವರು ಮೇಲಿನಿಂದ ಇಳಿದರು. ಬಂಡೆಯೇ ಅವರಿಗೆ ಅಟ್ಟಣಿಗೆಯಾಯಿತು. ಆದರೆ ಒಂದು ಏಟು ತಪ್ಪಿದರೆ ಮತ್ತೆ ಅಂಟಿಸಲಾಗದು. ಹೀಗಾಗಿ ಅಪೂರ್ಣವಾಗಿ ಉಳಿದ ಕೆಲಸವನ್ನು ಕಂಡು ಬೇಸರಪಡಬೇಡಿ. ಪೂರ್ಣಗೊಂಡ ಶಿಲ್ಪ ತಾನು ಹೇಗಾಯಿತೆಂಬುದನ್ನು ಮುಚ್ಚಿಡುತ್ತದೆ. ಅಪೂರ್ಣ ಶಿಲ್ಪ ಅದನ್ನು ತೆರೆದು ತೋರಿಸುತ್ತದೆ.

ರಥಗಳ ಮಾಡುಗಳನ್ನೂ ಗಮನಿಸಿ. ದ್ರೌಪದಿ ರಥದ ಮಾಡು ಹಳ್ಳಿಯ ಹುಲ್ಲಿನ ಗುಡಿಸಲಿನ ಹಾಗಿದೆ. ಭೀಮ ರಥದ್ದು ಕಮಾನು ಹೊದಿಸಿದ ಗಾಡಿಯ ಹಾಗೆ ಉದ್ದವಾಗಿದೆ. ಮರ ಮತ್ತು ಹುಲ್ಲಿನಲ್ಲಿ ಕಟ್ಟುತ್ತಿದ್ದ ರೂಪಗಳನ್ನೇ ಕಲ್ಲಿಗೆ ಇಳಿಸಿದ್ದಾರೆ. ನಕುಲ-ಸಹದೇವ ರಥದ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಇದಕ್ಕೆ ಶಿಲ್ಪಶಾಸ್ತ್ರದಲ್ಲಿ 'ಗಜಪೃಷ್ಠ' ಎಂದು ಹೆಸರು. ಪಕ್ಕದಲ್ಲೇ ಒಂದು ದೊಡ್ಡ ಕಲ್ಲಾನೆ ನಿಂತಿದೆ! "ಇಂಥ ದುಂಡು ಬೆನ್ನಿನ ಗುಡಿಯನ್ನು ಬೇರೆಲ್ಲಿ ನೋಡಿದ್ದೀರಿ?" ಎಂದರು ಮೇಷ್ಟ್ರು. ಹಿಂದಿನ ವರ್ಷ ಐಹೊಳೆಗೆ ಹೋಗಿದ್ದ ಹುಡುಗಿಯೊಬ್ಬಳು "ದುರ್ಗ ಗುಡಿ ಸಾರ್" ಎಂದಳು. ನಾನು ಸುಮ್ಮನಿದ್ದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಲ್ಲಿಂದ ಊರ ನಡುವಿನ ಗುಡ್ಡಕ್ಕೆ ಬಂದೆವು. ಅಲ್ಲಿ ಸುಮಾರು 30 ಮೀಟರ್ ಉದ್ದದ ಬಂಡೆಯ ಮೈತುಂಬ ದೇವತೆಗಳು, ಋಷಿಗಳು, ಬೇಡರು, ಆನೆಗಳು, ಜಿಂಕೆಗಳು. ಬಂಡೆಯ ನಡುವೆ ನಿಸರ್ಗವೇ ಮಾಡಿದ ಒಂದು ಸೀಳಿದೆ. ಶಿಲ್ಪಿ ಆ ಸೀಳನ್ನು ದೋಷವೆಂದು ಬಿಟ್ಟುಬಿಡಲಿಲ್ಲ. ಅದನ್ನೇ ಹೊಳೆಯಾಗಿಸಿ ಅದರಲ್ಲಿ ನಾಗರನ್ನು ಈಜಿಸಿದ. ಎಡಕ್ಕೆ ಒಂಟಿಕಾಲಿನಲ್ಲಿ ನಿಂತು ಕೈ ಮೇಲೆತ್ತಿ ತಪಸ್ಸು ಮಾಡುತ್ತಿರುವ ಬಡಕಲು ಮನುಷ್ಯನೊಬ್ಬನಿದ್ದಾನೆ. ಅವನ ಮುಂದೆ ಶಿವ. ಇದು ಪಾಶುಪತಾಸ್ತ್ರಕ್ಕಾಗಿ ಅರ್ಜುನ ಮಾಡಿದ ತಪಸ್ಸು ಎಂದು ಕೆಲವರು, ಗಂಗೆಯನ್ನು ಇಳಿಸಲು ಭಗೀರಥ ಮಾಡಿದ ತಪಸ್ಸು ಎಂದು ಕೆಲವರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ನೀವೂ ನೋಡಿ ನಿಮ್ಮ ತೀರ್ಮಾನ ಬರೆದುಕೊಳ್ಳಬಹುದು. ಆದರೆ ಕಾರಣ ಕೊಡಬೇಕು.

ಶಿಲ್ಪಿಯ ತುಂಟತನವನ್ನೂ ನೋಡಿ. ಆನೆಯ ಹತ್ತಿರ ಒಂದು ಬೆಕ್ಕು ಆ ತಪಸ್ವಿಯ ಹಾಗೆಯೇ ಮುಂಗಾಲು ಮೇಲೆತ್ತಿ ನಿಂತಿದೆ. ಸುತ್ತ ಇಲಿಗಳು. ಸನ್ಯಾಸಿ ಬೆಕ್ಕಿನ ಕಥೆ ನಿಮಗೆ ಗೊತ್ತೇ ಇದೆಯಲ್ಲ! ಇನ್ನೊಂದೆಡೆ ಜಿಂಕೆಯೊಂದು ಹಿಂಗಾಲಿನಿಂದ ಮೂಗು ತುರಿಸಿಕೊಳ್ಳುತ್ತಿದೆ.

ಅರ್ಜುನನ ತಪಸ್ಸಿನ ಮಾತು ಬಂದಾಗ ಮೇಷ್ಟ್ರು ಇನ್ನೊಂದು ಎಳೆ ಬಿಚ್ಚಿದರು. ಅರ್ಜುನನೂ ಕಿರಾತವೇಷದ ಶಿವನೂ ಸೆಣಸಿದ ಕಥೆಯನ್ನು ಸಂಸ್ಕೃತದಲ್ಲಿ 'ಕಿರಾತಾರ್ಜುನೀಯ' ಎಂಬ ಕಾವ್ಯವಾಗಿ ಬರೆದವನು ಭಾರವಿ. ಆ ಭಾರವಿಯ ಹೆಸರು ಇಸವಿ ಸಮೇತ ನಮಗೆ ಎಲ್ಲಿ ಸಿಗುತ್ತದೆ? ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ. ಪುಲಕೇಶಿಯ ಆಸ್ಥಾನದ ಕವಿ ರವಿಕೀರ್ತಿ ಅಲ್ಲಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ರಾಜರು ಒಬ್ಬರ ಊರನ್ನು ಒಬ್ಬರು ಸುಡುತ್ತಿದ್ದ ಕಾಲದಲ್ಲೇ ಎರಡೂ ರಾಜ್ಯಗಳ ಪಂಡಿತರ ಬಾಯಲ್ಲಿ ಕಥೆಗಳು ಒಂದೇ ಆಗಿದ್ದವು.

ನಡುಮಧ್ಯಾಹ್ನ ವರಾಹ ಗುಹೆಗೆ ಹೋದೆವು. ಹೊರಗೆ ಕಾಲಿಡಲಾಗದಷ್ಟು ಬಿಸಿಲು, ಒಳಗೆ ತಂಪು. ಗೋಡೆಗಳ ಮೇಲೆ ನಾಲ್ಕು ದೊಡ್ಡ ಫಲಕಗಳಿವೆ: ವರಾಹ, ಗಜಲಕ್ಷ್ಮಿ, ದುರ್ಗೆ, ತ್ರಿವಿಕ್ರಮ. ವರಾಹನ ಮುಂದೆ ನಿಂತಾಗ ನನಗೆ ಬಾದಾಮಿಯ ನೆನಪು ತಾನಾಗಿಯೇ ಬಂತು. ಬಾದಾಮಿಯ ಮೂರನೆಯ ಗುಹೆಯಲ್ಲೂ ವರಾಹನಿದ್ದಾನೆ, ತ್ರಿವಿಕ್ರಮನಿದ್ದಾನೆ. ಆ ಗುಹೆಯ ಶಾಸನದ ಕಾಲ ಕ್ರಿ.ಶ. 578. ಎಂದರೆ ಅದು ನರಸಿಂಹವರ್ಮ ಪಟ್ಟಕ್ಕೆ ಬರುವುದಕ್ಕಿಂತ ಐವತ್ತು ವರ್ಷ ಹಿಂದಿನದು. ಬಾದಾಮಿಯಲ್ಲಿ ಭೂದೇವಿ ವರಾಹನ ಅಂಗೈಯ ಮೇಲೆ ನಿಂತಿದ್ದಾಳೆ, ಅವನಿಗೆ ಗೆದ್ದ ವೀರನ ಗತ್ತು. ಇಲ್ಲಿ ಭೂದೇವಿಯನ್ನು ಎತ್ತಿದ ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಡೆಗೇ ಮುಖ ತಿರುಗಿಸಿದ್ದಾನೆ. ನೀರಿನಲ್ಲಿ ಮುಳುಗಿದ್ದ ಮಗುವನ್ನು ಎತ್ತಿ ತಂದವನ ಹಾಗೆ.

ಕಲ್ಲಿನ ಗುಣವೂ ಇಲ್ಲಿ ಮುಖ್ಯ. ಬಾದಾಮಿಯದು ಮರಳುಗಲ್ಲು. ಉಳಿಗೆ ಬಗ್ಗುತ್ತದೆ, ಹಾರ-ಕಿರೀಟಗಳ ಕುಸುರಿಗೆ ಒದಗುತ್ತದೆ. ಮಾಮಲ್ಲಪುರದ್ದು ಕಣಶಿಲೆ, ನಾವು ಗ್ರಾನೈಟ್ ಎನ್ನುವ ಕಗ್ಗಲ್ಲು. ಅದರಲ್ಲಿ ಸಣ್ಣ ಕುಸುರಿ ಕಷ್ಟ. ಆದ್ದರಿಂದ ಶಿಲ್ಪಿ ಒಡವೆಯನ್ನು ಕಡಿಮೆ ಮಾಡಿ ಮೈಯ ಬಾಗು-ಬಳುಕಿನಲ್ಲೇ ಎಲ್ಲವನ್ನೂ ಹೇಳಿದ. ನಾಲ್ಕೈದು ನೂರು ವರ್ಷಗಳ ಮೇಲೆ ಬೇಲೂರು ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿಕೊಂಡು ಕುಸುರಿಯನ್ನು ಎಲ್ಲಿಗೆ ಒಯ್ದರೆಂಬುದನ್ನು ನೀವು ಬಲ್ಲಿರಿ. ಕೈಗೆ ಸಿಕ್ಕ ಕಲ್ಲು ಎಂಥದೆಂಬುದನ್ನು ತಿಳಿಯದೆ, ಯಾರ ಕಲೆ ಮೇಲು ಯಾರದು ಕೀಳು ಎಂದು ತೀರ್ಪು ಕೊಡುವುದು ಸರಿಯಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು. ಊಟದ ಬಿಡುವಿನಲ್ಲಿ ನಾವು ಮೂರು ಮಂದಿ ಗುಡ್ಡದ ಹಿಂದೆ ಅಡ್ಡಾಡಲು ಹೋದೆವು. ಒಂದು ಬಂಡೆಯ ಮೇಲೆ ಯಾರ್ಯಾರೋ ಹೆಸರು ಗೀಚಿದ್ದರು. ಕಾಲ ಬಳಿ ಒಂದು ಇಟ್ಟಿಗೆ ಚೂರು ಬಿದ್ದಿತ್ತು. ಅದನ್ನೆತ್ತಿಕೊಂಡು ನಾನು ಆ ಬಂಡೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ 'ಪುಲಕೇಶಿ' ಎಂದು ಬರೆದೆ. ಗೆಳೆಯರು ಚಪ್ಪಾಳೆ ತಟ್ಟಿದರು. ಬಾದಾಮಿಯ ಬಂಡೆಯ ಮೇಲೆ ಅವನು ಬರೆಸಿದ್ದಕ್ಕೆ ಇದು ನಮ್ಮ ಉತ್ತರ ಎಂದುಕೊಂಡೆ.

ಸಂಜೆ ಕಡಲ ದಂಡೆಯ ಗುಡಿಗೆ ಬಂದೆವು. ಇದು ಕೆತ್ತಿದ ಗುಡಿಯಲ್ಲ, ಕಡಿದ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ದಕ್ಷಿಣ ಭಾರತದಲ್ಲಿ ಹೀಗೆ ಕಲ್ಲಿನಲ್ಲಿ ಕಟ್ಟಿದ ಹಳೆಯ ಗುಡಿಗಳ ಸಾಲಿಗೆ ಸೇರುತ್ತದೆ. ಕಟ್ಟಿಸಿದವನು ಸುಮಾರು 700ರಿಂದ 728ರವರೆಗೆ ಆಳಿದ ಎರಡನೆಯ ನರಸಿಂಹವರ್ಮ, ರಾಜಸಿಂಹನೆಂಬ ಬಿರುದಿನವನು. ಎರಡು ಶಿವನ ಗುಡಿಗಳ ನಡುವೆ ಮಲಗಿದ ವಿಷ್ಣು ಇದ್ದಾನೆ. ದೂರದ ಹಡಗಿನವರಿಗೆ ಈ ಶಿಖರಗಳು ಗುರುತಾಗಿದ್ದವು. ಯೂರೋಪಿನ ನಾವಿಕರು ಈ ಊರನ್ನು 'ಏಳು ಪಗೋಡಗಳು' ಎಂದು ಕರೆಯುತ್ತಿದ್ದರು.

ಆದರೆ ಸಮುದ್ರ ಈ ಗುಡಿಯನ್ನು ಸುಮ್ಮನೆ ಬಿಟ್ಟಿಲ್ಲ. ಉಪ್ಪು ತುಂಬಿದ ಗಾಳಿ ಮತ್ತು ಮರಳು ಹದಿಮೂರು ಶತಮಾನ ಉಜ್ಜಿ ಶಿಲ್ಪಗಳ ಕಣ್ಣು ಮೂಗುಗಳನ್ನು ಸವೆಸಿವೆ. ಕಗ್ಗಲ್ಲಿನದೇ ಈ ಗತಿ. ಅಲೆ ತಡೆಯಲು ಬಂಡೆಗಳ ಒಡ್ಡು ಹಾಕಿ, ಗಾಳಿ ತಡೆಯಲು ಸರ್ವೆ ಮರ ನೆಟ್ಟು ಕಾಪಾಡುತ್ತ ಬಂದಿದ್ದಾರೆ. 1984ರಲ್ಲಿ ಯುನೆಸ್ಕೋ ಈ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಹೋಗಿದ್ದು ಸುನಾಮಿಗೆ ಬಹಳ ಮೊದಲು. 2004ರ ಡಿಸೆಂಬರ್ 26ರಂದು ಆ ಅಲೆಗಳು ಬಡಿದಾಗ ದಂಡೆಯ ಮರಳು ಕೊಚ್ಚಿಹೋಗಿ, ಅದರಡಿ ಹುದುಗಿದ್ದ ಕೆತ್ತನೆಯ ಬಂಡೆಗಳು ಹೊರಬಂದವು. ಮರುವರ್ಷ ಸಮೀಪದ ಸಾಳುವನಕುಪ್ಪದಲ್ಲಿ ಅಗೆದಾಗ ಪುರಾತನ ಸುಬ್ರಹ್ಮಣ್ಯ ಗುಡಿಯೊಂದರ ಇಟ್ಟಿಗೆಯ ತಳಪಾಯ ಸಿಕ್ಕಿತು. ನಾವು ನೋಡಿದ ಊರಿನ ಅಡಿಯಲ್ಲಿ ನಾವು ನೋಡದ ಊರು ಇನ್ನೂ ಇತ್ತು.

ಅಂದು ಸಂಜೆ ಮರಳಿನ ಮೇಲೆ ಎಲ್ಲರೂ ಸುತ್ತ ಕೂತೆವು. "ಈಗ ಜಗಳ ಮುಂದುವರಿಸೋಣವೇ?" ಎಂದರು ಮೇಷ್ಟ್ರು. ಯಾರೂ ಮಾತಾಡಲಿಲ್ಲ. ಅವರೇ ಹೇಳತೊಡಗಿದರು.

ಬಾದಾಮಿ ಸೋತ ಸುಮಾರು ತೊಂಬತ್ತು ವರ್ಷಗಳ ಮೇಲೆ ಚಾಲುಕ್ಯರ ಪಟ್ಟಕ್ಕೆ ಬಂದವನು ಇಮ್ಮಡಿ ವಿಕ್ರಮಾದಿತ್ಯ, ಪುಲಕೇಶಿಯ ಮರಿಮಗನ ಮಗ. ಅವನು ಕಂಚಿಯನ್ನು ಗೆದ್ದ. ಮನೆತನದ ಅವಮಾನಕ್ಕೆ ಪ್ರತೀಕಾರ ತೀರಿಸಲು ಅವನಿಗೆ ಎಲ್ಲ ಅವಕಾಶವೂ ಇತ್ತು. ಕಂಚಿಯಲ್ಲಿ ರಾಜಸಿಂಹೇಶ್ವರ ಎಂಬ ದೊಡ್ಡ ಗುಡಿಯಿದೆ. ಈಗ ಅದನ್ನು ಕೈಲಾಸನಾಥ ಎನ್ನುತ್ತಾರೆ. ಈ ಕಡಲ ದಂಡೆಯ ಗುಡಿ ಕಟ್ಟಿಸಿದ ರಾಜಸಿಂಹನೇ ಅದನ್ನೂ ಕಟ್ಟಿಸಿದ್ದು. ವಿಕ್ರಮಾದಿತ್ಯ ಅದರೊಳಗೆ ಹೋದ. ದೇವರ ಸಂಪತ್ತನ್ನು ಕಂಡ. ಅದನ್ನು ತೆಗೆದುಕೊಳ್ಳಲಿಲ್ಲ, ದೇವರಿಗೇ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದನ್ನು ಅಲ್ಲಿನ ಮಂಟಪದ ಕಂಬದ ಮೇಲೆ ಬರೆಸಿದ. ಯಾವ ಭಾಷೆಯಲ್ಲಿ ಗೊತ್ತೇ? ಕನ್ನಡದಲ್ಲಿ. ಆ ಶಾಸನ ಇಂದಿಗೂ ಅಲ್ಲಿದೆ. ಪಲ್ಲವರ ಗುಡಿಯಲ್ಲಿ ಕನ್ನಡದ ಶಾಸನ!

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಗುಡಿಯನ್ನು ಕಟ್ಟಿಸಿದಳು. ಅದೇ ನಾವು ಇಂದು ನೋಡುವ ವಿರೂಪಾಕ್ಷ ದೇವಾಲಯ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿದೆ. ಕಂಚಿಯ ಆ ಗುಡಿಗೂ ಪಟ್ಟದಕಲ್ಲಿನ ಈ ಗುಡಿಗೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಯುದ್ಧಕ್ಕೆ ಹೋದವರು ಹಿಂತಿರುಗುವಾಗ ಕಣ್ಣಿನಲ್ಲಿ ಒಂದು ಗುಡಿಯನ್ನು ತುಂಬಿಕೊಂಡು ಬಂದರು.

"ಗೆದ್ದವನ ಊರಲ್ಲಿ ಕನ್ನಡ ಬರೆಯುವುದಾದರೆ ಹಾಗೆ ಬರೆಯಬೇಕು" ಎಂದರು ಮೇಷ್ಟ್ರು. ಅವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಆದರೆ ಆ ಮಾತು ನನ್ನನ್ನೇ ಕುರಿತು ಹೇಳಿದಂತಿತ್ತು. ಕುಳಿತಲ್ಲಿ ಕೂರಲಾಗಲಿಲ್ಲ. ಎಲ್ಲರೂ ಏಳುವಾಗ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಸಾರ್, ಗುಡ್ಡದ ಹಿಂದೆ ಒಂದು ಬಂಡೆ ಮೇಲೆ ನಾನು ಇಟ್ಟಿಗೆಯಲ್ಲಿ ಬರೆದಿದ್ದೀನಿ."

ಅವರು ಒಂದು ಗಳಿಗೆ ಸುಮ್ಮನಿದ್ದರು. ಬಯ್ಯುತ್ತಾರೆಂದು ನಿರೀಕ್ಷಿಸಿದ್ದೆ. "ಬೆಳಕು ಇದೆ, ನಡಿ" ಎಂದಷ್ಟೇ ಹೇಳಿ, ನೀರಿನ ಬಾಟಲಿ ಹಿಡಿದು ನನ್ನ ಜೊತೆ ತಾವೂ ಬಂದರು. ಕರವಸ್ತ್ರ ಒದ್ದೆ ಮಾಡಿ ಉಜ್ಜಿದೆ. ಕೆಂಪು ಬಣ್ಣ ಹೋಯಿತು. ಆದರೆ ಜೋರಾಗಿ ಒತ್ತಿ ಬರೆದಿದ್ದ 'ಪು' ಮಾತ್ರ ಮಸುಕಾಗಿ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. "ಸಾಕು ಬಿಡು, ಮಳೆ ನೋಡಿಕೊಳ್ಳುತ್ತದೆ" ಎಂದರು. ಬಸ್ಸಿನವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಮಿತ್ರರೇ, ಎಷ್ಟೋ ವರ್ಷಗಳ ಮೇಲೆ ನಾನೇ ಕಂಚಿಗೆ ಹೋಗಿ ಆ ಕನ್ನಡ ಶಾಸನದ ಮುಂದೆ ನಿಂತೆ. ಹಳೆಯ ಲಿಪಿ ಓದಲು ನನಗೆ ಬರುವುದಿಲ್ಲ. ಆದರೂ ಅದನ್ನು ನೋಡಿದಾಗ ನನಗೆ ನೆನಪಾದದ್ದು ನಾನು ಬಿಟ್ಟು ಬಂದ ಆ 'ಪು' ಎಂಬ ಅಕ್ಷರ. ಎರಡೂ ಬರೆದವರು ಕನ್ನಡದವರೇ. ಒಂದನ್ನು ಬರೆಯಿಸಿದ್ದು ಔದಾರ್ಯ, ಇನ್ನೊಂದನ್ನು ಬರೆಯಿಸಿದ್ದು ಹಗೆ. ಹದಿಮೂರು ನೂರು ವರ್ಷಗಳ ಹಿಂದಿನ ರಾಜನೇ ಬಿಟ್ಟುಕೊಟ್ಟ ಹಗೆಯನ್ನು ನಾನು ಬಸ್ಸಿನಲ್ಲಿ ಹೊತ್ತು ತಂದಿದ್ದೆ!

ಈಗ ನೀವು ಹೊರಡುವ ಮುನ್ನ ಕೆಲವು ಮಾತು. ಹೋಗುವ ಮೊದಲು ಆ ಊರಿನ ಬಗ್ಗೆ ಎರಡು ಪುಟವನ್ನಾದರೂ ಓದಿ. ಕಡಲ ದಂಡೆಯ ಗುಡಿಯನ್ನು ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ನೋಡಿ, ಸವೆದ ಗೆರೆಗಳು ಎದ್ದು ಕಾಣುತ್ತವೆ. ಗುಹೆಗಳನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನೀರು, ಟೋಪಿ ಮರೆಯಬೇಡಿ. ಅಲ್ಲಿನ ಸಮುದ್ರಕ್ಕೆ ಸೆಳೆತವಿದೆ, ಈಜಲು ಇಳಿಯಬೇಡಿ. ಎಲ್ಲವನ್ನೂ ಓಡಿ ನೋಡುವ ಬದಲು ಒಂದೇ ಶಿಲ್ಪದ ಮುಂದೆ ಅರ್ಧ ಗಂಟೆ ಕೂತು ಅದರ ಚಿತ್ರ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ, ನೋಟ ಚೆನ್ನಾಗಿ ಬರುತ್ತದೆ. ಊರಿನ ಬೀದಿಗಳಲ್ಲಿ ಇಂದಿಗೂ ಉಳಿಯ ಸದ್ದು ಕೇಳುತ್ತದೆ. 1957ರಲ್ಲಿ ಅಲ್ಲಿ ಸರ್ಕಾರವೇ ಶಿಲ್ಪಕಲೆಯ ಶಾಲೆ ತೆರೆಯಿತು. ಕೆಲಸ ಮಾಡುತ್ತಿರುವ ಶಿಲ್ಪಿಯ ಪಕ್ಕ ಹತ್ತು ನಿಮಿಷ ನಿಂತರೆ, ಪಂಚರಥಗಳ ಬಗ್ಗೆ ಪುಸ್ತಕ ಹೇಳದ್ದು ತಿಳಿಯುತ್ತದೆ.

ಕಲ್ಲಿನ ಮೇಲೆ ಏನನ್ನೂ ಬರೆಯಬೇಡಿ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಕಾನೂನಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ಉಪ್ಪುಗಾಳಿಗೆ ಸಾವಿರ ವರ್ಷ ಹಿಡಿದ ಕೆಲಸವನ್ನು ನಮ್ಮ ಕೈ ಒಂದು ನಿಮಿಷದಲ್ಲಿ ಮಾಡಿಬಿಡುತ್ತದೆ.

ಬರೆಯಲು ನೋಟ್‌ಬುಕ್ ಇದೆ. ನನ್ನ ಅಂದಿನ ನೋಟ್‌ಬುಕ್ಕಿನಲ್ಲಿ ವರಾಹನ ಒಂದು ಸೊಟ್ಟ ಚಿತ್ರವಿದೆ. ಅದರ ಕೆಳಗೆ ಮೇಷ್ಟ್ರ ಎರಡನೆಯ ಪ್ರಶ್ನೆಗೆ ನನ್ನ ಉತ್ತರವಿದೆ: 'ಬಾದಾಮಿಯಲ್ಲಿ ನೋಡಿದ್ದೇನೆ.' ಅದನ್ನು ನಾನು ಬರೆದದ್ದು ಗುಹೆಯಲ್ಲಿ ಅಲ್ಲ, ಹಿಂತಿರುಗುವಾಗ, ರೈಲಿನಲ್ಲಿ.